ಮಂದಿ ಹೆಚ್ಚಾಗ್ಯಾರ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ದಿನ ರೋಣದಿಂದ ಗಜೇಂದ್ರಗಡಕ್ಕೆ ಹೊರಟ ಬಸ್ಸು ಜಕ್ಕಲಿಯಲ್ಲಿ ಕೆಟ್ಟು ನಿಂತಿತ್ತು ಎಂದು ನನ್ನ ನೆನಪು ಹೇಳುತ್ತದೆ. ಡೈರಿಯಲ್ಲಿ ಬಸ್ಸಿನ ಮಾತೇ ಇಲ್ಲ. ಅಲ್ಲಿರುವುದು ಒಂದೇ ಸಾಲು: "ಚಿಗವ್ವನ ಅಂಗಡಿಗೆ ಹೋಗಿ ಎಲ್ಲ ಬರೆದುಕೊಂಡು ಬಂದೆ." ಆ 'ಎಲ್ಲ' ಎಂಬ ಪದವನ್ನು ಈಗ ಓದಿದರೆ ನಾಚಿಕೆಯಾಗುತ್ತದೆ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಗಜೇಂದ್ರಗಡದಲ್ಲಿ ಅವಳದು ಬಳೆ, ಕುಂಕುಮ, ಅರಿಷಿಣದ ಅಂಗಡಿ. ನಾನು ಆಗ ರೋಣದಲ್ಲಿ ಬಿಸಿಎ ಕೊನೆಯ ವರ್ಷದಲ್ಲಿದ್ದೆ. ನಾಲ್ವರು ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಚಿಗವ್ವನ ಅಂಗಡಿಯ ಸರಕು ನೋಡಿಕೊಳ್ಳುವ ಪ್ರೋಗ್ರಾಂ ಮಾಡೋಣ ಎಂದವಳು ನಾನೇ. ಉಳಿದ ಮೂವರು ಮೊದಲಿನಿಂದ ಒಂದೇ ಬೆಂಚಿನವರು. ಪ್ರೋಗ್ರಾಂ ಬರೆಯುವುದನ್ನು ಅವರೇ ಹಂಚಿಕೊಂಡರು. ಅದು ಏನೇನು ಮಾಡಬೇಕು ಎಂದು ಅಂಗಡಿಯವರನ್ನು ಕೇಳಿ ದಾಖಲೆ ಬರೆಯುವುದು, ಅದರ ಚಿತ್ರ ತೆಗೆಯುವುದು ನನ್ನ ಪಾಲಿಗೆ ಬಂತು.

"ನಿನ್ನ ಅಕ್ಷರ ಭಾಳ ಚಲೋ ಅದಾವಲೇ," ಎಂದಳು ಆ ಮೂವರಲ್ಲಿ ಹೊಳೆಆಲೂರಿನವಳು.

"ಟೈಪ್ ಮಾಡೂದೈತಿ," ಎಂದೆ.

"ಹಂಗಾದ್ರ ನಿನ್ನ ಬಟ್ಟು ಚಲೋ ಅದಾವು ಹೋಗ!"

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಪ್ರಾಜೆಕ್ಟಿಗೆಂದು ಮಾಡಿದ್ದ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಸಂದೇಶಗಳೇ ಒಂದರ ಕೆಳಗೆ ಒಂದು ಬಿದ್ದಿರುತ್ತಿದ್ದವು. ಆ ಮೂವರ ಗ್ರೂಪು ಬೇರೆಯೇ ಇತ್ತು ಎಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಹೀಗೆ ಒಬ್ಬಳೇ ಹೋದೆ. ಮಧ್ಯಾಹ್ನ. ಚಿಗವ್ವನ ಗಂಡ, ನಮ್ಮ ಕಾಕಾ, ತೀರಿಕೊಂಡು ಆಗ ಒಂದು ವರ್ಷವಾಗಿತ್ತೋ, ಇನ್ನೂ ಆಗಿರಲಿಲ್ಲವೋ. ಅವನು ಕೂಡುತ್ತಿದ್ದ ಗಾದಿಯ ಮೇಲೆ ಚಿಗವ್ವ ಕೂತಿದ್ದಳು. ನನ್ನ ಮುಂದೆ ಒಂದು ತಾಟು ಚುರುಮರಿ ಇಟ್ಟಳು. ಕಾಲೇಜಿನಲ್ಲಿ ಕೊಟ್ಟಿದ್ದ ಪ್ರಶ್ನೆಗಳ ಹಾಳೆಯನ್ನು ನಾನು ತೆಗೆದೆ.

"ಪರೀಕ್ಷಾ ತಗೋತಿಯೇನ ನನ್ನವ್ವಾ? ನಾ ಸಾಲ್ಯಾಗ ಬರೇ ನಾಕನೇತ್ತಾ ಕಲ್ತಾಕಿ. ಲಗೂ ಕೇಳು."

"ಪ್ರೋಗ್ರಾಂ ನಿನಗ ಯಾವಾಗ ಎಚ್ಚರಿಕಿ ಕೊಡಬೇಕು ಚಿಗವ್ವಾ?"

"ಸಾಮಾನ ಹೆಚ್ಚಾದಾಗ ಹೇಳಿದ್ರ ಸಾಕು. ಈಗ ನೋಡು, ಕುಂಕುಮ ಹೆಚ್ಚಾಗೇತಿ. ಹಸರ ಬಳಿ ಹೆಚ್ಚಾಗ್ಯಾವ. ನನಗ ಲಕ್ಷ್ಯನ ಇರೂದಿಲ್ಲ."

ಬರೆದುಕೊಂಡೆ: ಸರಕು ಮಿತಿ ಮೀರಿ ಹೆಚ್ಚಾದರೆ ಪರದೆಯ ಮೇಲೆ ಕೆಂಪು ಗುರುತು.

ನಮ್ಮ ಮನೆಯಲ್ಲೂ ಅರಿಷಿಣ ಕುಂಕುಮ ಖಾಲಿಯಾದರೆ ಅವ್ವ ಮುಗಿಯಿತು ಎನ್ನುತ್ತಿರಲಿಲ್ಲ, ಹೆಚ್ಚಾಗೇತಿ ಎನ್ನುತ್ತಿದ್ದಳು. ಮುತ್ತೈದೆತನದ ಸಾಮಾನಿನ ಬಗ್ಗೆ 'ಇಲ್ಲ' ಎಂದು ಬಾಯಿ ಬಿಟ್ಟು ಹೇಳಬಾರದು. ಇದು ನನಗೆ ಗೊತ್ತಿತ್ತು. ಹಾಗಾದರೆ ಅಂದು ಯಾಕೆ ತಿಳಿಯಲಿಲ್ಲ? ಅಡುಗೆಮನೆಯ ಮಾತು ಅಂಗಡಿಯಲ್ಲೂ ನಡೆಯುತ್ತದೆ ಎಂದು ಹೊಳೆಯಲಿಲ್ಲವೋ, ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆಯುವ ಗಡಿಬಿಡಿಯಲ್ಲಿ ಅರ್ಥ ಉದುರಿಹೋಯಿತೋ. ಈಗ ಯಾವ ಕಾರಣ ಕೊಟ್ಟರೂ ಅದು ಆಮೇಲೆ ಹೊಂದಿಸಿದ್ದೇ.

ಹಾಳೆಯ ಮುಂದಿನ ಪ್ರಶ್ನೆ, ಬಳಕೆದಾರರು ಯಾರು, ಎಷ್ಟು ಜನ. "ಅಂಗಡಿಗೆ ಎಷ್ಟು ಮಂದಿ ಬರ್ತಾರ?" ಎಂದು ಕೇಳಿದೆ.

ಚಿಗವ್ವ ಬೀದಿಯ ಕಡೆ ನೋಡಿದಳು. ಅಥವಾ ನೋಡಿದಳು ಎಂದು ನಾನು ಆಮೇಲೆ ಸೇರಿಸಿಕೊಂಡೆನೋ. ಮಾತು ಮಾತ್ರ ಖರೇ, ಏಕೆಂದರೆ ಹಾಳೆಯ ಅಂಚಿನಲ್ಲಿ ಅದನ್ನು ಕನ್ನಡದಲ್ಲೇ ಗೀಚಿಕೊಂಡಿದ್ದೇನೆ:

"ಮಂದಿ ಹೆಚ್ಚಾಗ್ಯಾರವಾ."

ನಾನಿದ್ದ ಅಷ್ಟೂ ಹೊತ್ತಿನಲ್ಲಿ ಬಂದದ್ದು ಒಬ್ಬಳೇ. ಒಂದು ಡಜನ್ ಬಳೆ ಆರಿಸಿದಳು. ಚಿಗವ್ವ ಅಭ್ಯಾಸದಂತೆ ಅವಳ ಕೈ ಹಿಡಿಯಲು ಮುಂದೆ ಬಾಗಿದಳು.

"ಇರಲಿ ಬಿಡ್ರಿ ಯಕ್ಕಾರ, ಮನ್ಯಾಗ ಹಾಕ್ಕೊಂತೀನಿ," ಎಂದು ಅವಳು ಬಳೆಯನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೋದಳು.

ಕಾಕಾ ಇದ್ದಾಗ ಆ ಅಂಗಡಿಯಲ್ಲಿ ಯಾರೂ ಬಳೆಯನ್ನು ಕಾಗದದಲ್ಲಿ ಒಯ್ದದ್ದನ್ನು ನಾನು ಕಂಡಿರಲಿಲ್ಲ. ಹೆಂಗಸರು ಸಾಲು ಹಿಡಿದು ಕೂತು ಚಿಗವ್ವನ ಕೈಯಿಂದಲೇ ಬಳೆ ಇಡಿಸಿಕೊಳ್ಳುತ್ತಿದ್ದರು. ಗಂಡ ಸತ್ತವಳ ಕೈ ಈಗ ಅವರಿಗೆ ಬೇಡವಾಗಿತ್ತು. ಇದನ್ನು ನಾನು ಬರೆದುಕೊಳ್ಳಲಿಲ್ಲ. ಹಾಳೆಯಲ್ಲಿ ಅದಕ್ಕೆ ಪ್ರಶ್ನೆ ಇರಲಿಲ್ಲ.

ರೋಣಕ್ಕೆ ಬಂದು ಚಿತ್ರ ತೆಗೆದೆ. ಯೂಸ್ ಕೇಸ್ ಚಿತ್ರದಲ್ಲಿ ಪ್ರೋಗ್ರಾಂ ಒಂದು ಚೌಕ. ಅದನ್ನು ಬಳಸುವವರು ಚೌಕದ ಹೊರಗೆ ಕಡ್ಡಿಯ ಗೊಂಬೆಗಳಾಗಿ ನಿಲ್ಲುತ್ತಾರೆ. ಮಾಲಕಿ, ಸಹಾಯಕಿ, ಗಿರಾಕಿ, ಸರಕು ತರುವವರು ಎಂದು ನಾಲ್ಕು ಗೊಂಬೆ ನಿಲ್ಲಿಸಿದೆ. ಸಹಾಯಕಿ ಯಾರೂ ಇರಲಿಲ್ಲ. ಚಿತ್ರ ತುಂಬಿದಂತೆ ಕಾಣಲಿ ಎಂದು ಹಾಕಿದ್ದು. ಗಿರಾಕಿಗಳ ಸಂಖ್ಯೆ ಎಂಬಲ್ಲಿ 'ಬಹಳ' ಎಂದು ಬರೆದೆ.

ಪ್ರೋಗ್ರಾಂ ತೋರಿಸಲು ನಾಲ್ವರೂ ಹೋದೆವು. ಲ್ಯಾಪ್‌ಟಾಪನ್ನು ಗಾದಿಯ ಮೇಲಿಟ್ಟೆವು. ತುಂಬಿ ತುಳುಕುತ್ತಿದ್ದ ಕೆಂಪು ಬಳೆಯ ಮುಂದೆ ಎಚ್ಚರಿಕೆಯ ಗುರುತು. ಒಂದು ಪೊಟ್ಟಣವೂ ಉಳಿದಿರದ ಕುಂಕುಮದ ಮುಂದೆ ಏನೂ ಇಲ್ಲ.

"ಕುಂಕುಮ ಹೆಚ್ಚಾಗೇತಿ ಅಂತ ಯಾಕ ತೋರಸವಲ್ದು ಇದು?" ಎಂದಳು ಚಿಗವ್ವ.

"ಹೆಚ್ಚಾಗಿಲ್ರಿ, ಖಾಲಿ ಐತಲ್ರಿ," ಎಂದ ಇನ್ನೊಬ್ಬಳ ಬಾಯಿಗೆ ಹೊಳೆಆಲೂರಿನವಳು ಕೈ ಅಡ್ಡ ಹಿಡಿದಳು. ಅವಳಿಗೆ ಆ ಕ್ಷಣದಲ್ಲೇ ತಿಳಿದಿತ್ತು. ಬಿದ್ದು ಬಿದ್ದು ನಕ್ಕಳು. ಚಿಗವ್ವನೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು.

"ನಮ್ಮಕ್ಕನ ಮಗಳು ಭಾಳ ಶ್ಯಾಣೇಕಿ. ಇಂಗ್ಲಿಷಿನ್ಯಾಗ ಹೆಚ್ಚು ಅಂದ್ರ ಹೆಚ್ಚ!"

ಪ್ರೋಗ್ರಾಂನಲ್ಲಿ 'ಹೆಚ್ಚು' ಎಂಬ ಚಿಹ್ನೆಯನ್ನು 'ಕಡಿಮೆ'ಗೆ ತಿರುಗಿಸಿದರು, ಸರಿಹೋಯಿತು. ದಾಖಲೆಯಲ್ಲಿ ಆ ಸಾಲನ್ನು ನಾನು ತಿದ್ದಿದೆ. ಮುಂದಿನ ಪುಟಕ್ಕೆ ಕೈ ಹೋಗಲಿಲ್ಲ. ಅಲ್ಲಿನ 'ಬಹಳ'ವೂ ಅದೇ ಪದದಿಂದ ಬಂದದ್ದು ಎಂದು ನೆನಪಾಗಲಿಲ್ಲವೋ, ನೆನಪಾಗುವುದು ಬೇಡವಾಗಿತ್ತೋ.

ಧಾರವಾಡದಲ್ಲಿ ಎಂಸಿಎ ಮುಗಿಸಿ ಈಗ ನರಗುಂದದಲ್ಲಿ ಅದೇ ವಿಷಯ ಪಾಠ ಮಾಡುತ್ತೇನೆ. ಬಾಡಿಗೆ ಕೋಣೆ, ಒಬ್ಬಳೇ. ರಜೆಯ ದಿನ ಹಾಲಿನವನನ್ನು ಬಿಟ್ಟು ಯಾರ ಜೊತೆಗೂ ಮಾತಾಡದೆ ಸಂಜೆಯಾಗುತ್ತದೆ. ಇಂಥದೊಂದು ಭಾನುವಾರ, ಮಕ್ಕಳಿಗೆ ಮಾದರಿ ತೋರಿಸಬೇಕೆಂದು ಹಳೆಯ ದಾಖಲೆ ತೆಗೆದೆ. 'ಗಿರಾಕಿಗಳು: ಬಹಳ' ಎಂಬಲ್ಲಿ ಕಣ್ಣು ನಿಂತಿತು. ಹಾಳೆಯ ಅಂಚಿನ ಗೀಚು ಹುಡುಕಿ ಓದಿದೆ.

ಮನುಷ್ಯರು ಇಲ್ಲ ಎನ್ನಲು ಹೆಚ್ಚಾಗ್ಯಾರ ಎಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಹಾಗಾಗಿ ಅವಳು ಬರೀ ಬಡಾಯಿ ಕೊಚ್ಚಿಕೊಂಡಿರಬಹುದು. ಅಥವಾ, ಯಾರೂ ಬರುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಲಾಗದೆ, ತನ್ನವಳೇ ಒಬ್ಬಳು ಎದುರಿಗೆ ಕೂತಿದ್ದಾಳೆ, ತಿಳಿದುಕೊಂಡಾಳು ಎಂದು ಆ ಪದ ಬಳಸಿರಬಹುದು. ನಾನು 'ಬಹಳ' ಎಂದು ಬರೆದುಕೊಂಡು, ಚುರುಮರಿ ತಿಂದು, ಬಸ್ಸು ಹತ್ತಿದ್ದೆ.

ಅಂದೇ ಫೋನ್ ಮಾಡಿದೆ. ಚಿಗವ್ವ ಅಂಗಡಿಯಲ್ಲೇ ಇದ್ದಳು. ಒಂದೇ ಪ್ರಶ್ನೆ ಕೇಳಿದೆ. "ತಡಿಯವಾ, ಗಿರಾಕಿ ಬಂದಾರ, ಆಮ್ಯಾಲೆ ಮಾಡ್ತೀನಿ," ಎಂದು ಇಟ್ಟಳು. ಬೇರೆ ಯಾರ ದನಿಯೂ ನನಗೆ ಕೇಳಿಸಿರಲಿಲ್ಲ. ಇವತ್ತಿಗೂ ಅವಳು ಫೋನ್ ಮಾಡಿಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಗವ್ವಾ, ಅವತ್ತು ಮಂದಿ ಹೆಚ್ಚಾಗ್ಯಾರ ಅಂದ್ಯಲ್ಲ, ಅದು ಯಾವ ಹೆಚ್ಚು?"