ಮಂಕಾದ ಟಿಕ್ ಸದ್ದು

ಉರಿಗಾಂನಲ್ಲಿ ನಾನು ನರ್ಸ್ ಆಗಿರುವ ಸಣ್ಣ ಆಸ್ಪತ್ರೆಗೆ ಆಕೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಬರುತ್ತಿದ್ದಳು. ಬಂಗಾರಪೇಟೆ ಕಡೆಯ ಹಳ್ಳಿಯವಳು, ವಯಸ್ಸು ನಲವತ್ತೈದರ ಆಸುಪಾಸು, ಟೊಮೆಟೊ ತೋಟಗಳಲ್ಲಿ ಕೂಲಿ. ಚಿಕ್ಕವಳಿದ್ದಾಗ ಬಂದ ಕೀಲುನೋವಿನ ಜ್ವರ ಹೃದಯದ ಕವಾಟವೊಂದನ್ನು ಹಾಳುಮಾಡಿತ್ತು. ಆರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಅದನ್ನು ತೆಗೆದು ಲೋಹದ ಕವಾಟ ಕೂರಿಸಿದ್ದರು.

ಲೋಹ ಮುಟ್ಟಿದ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಅದಕ್ಕೇ ದಿನಾ ಸಂಜೆ ಒಂದು ಮಾತ್ರೆ, ಬದುಕಿರುವತನಕ. ಮಾತ್ರೆ ಹೆಚ್ಚಾದರೆ ರಕ್ತ ಸುರಿಯುತ್ತದೆ, ಕಡಿಮೆಯಾದರೆ ಗಡ್ಡೆ ಕಟ್ಟುತ್ತದೆ. ಈ ಎರಡರ ನಡುವಿನ ಕಿರಿದಾದ ದಾರಿಯಲ್ಲಿ ಆಕೆಯನ್ನು ನಡೆಸುವುದು ನನ್ನ ಕೆಲಸವಾಗಿತ್ತು. ಸೊಪ್ಪು ಮಾತ್ರೆಯ ಬಲ ತಗ್ಗಿಸುತ್ತದೆ, ಒಂದು ದಿನ ಜಾಸ್ತಿ, ಒಂದು ದಿನ ಇಲ್ಲವೇ ಇಲ್ಲ ಅಂತ ಮಾಡಬೇಡಿ ಎಂದು ಹೇಳಿದಾಗ ಆಕೆ ನಕ್ಕಿದ್ದಳು.

"ಮಸ್ಸೊಪ್ಪು ಮುದ್ದೆ ಬುಟ್ರೆ ನಮ್ಗೆ ಬೇರೆ ಏನೈತೆ ಸಿಸ್ಟರಮ್ಮ? ದಿನಾ ಒಂದೇ ಅಳತೆ ತಿಂತೀನಿ ಬುಡಿ."

ಆಕೆಯ ಪಕ್ಕ ಕೂತರೆ ಎದೆಯೊಳಗಿಂದ ಟಿಕ್, ಟಿಕ್ ಎಂದು ಕೇಳುತ್ತಿತ್ತು. ಕವಾಟ ಮುಚ್ಚುವ ಸದ್ದು. ಬಸ್ಸಿನಲ್ಲಿ ಪಕ್ಕದವರು ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಾರೆಂದು ಆಕೆಯೇ ಹೇಳುತ್ತಿದ್ದಳು. ಗಂಡನಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಆ ಸದ್ದಿಗೆ ತನಗೆ ನಿದ್ದೆ ಹತ್ತುವುದಿಲ್ಲವೆಂದು ಬಂದಾಗಲೆಲ್ಲ ದೂರುತ್ತಿದ್ದ.

ಒಂದು ಸಂಜೆ ರಾಬರ್ಟ್‌ಸನ್‌ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಆಕೆ ಎದುರಾದಳು. ಒಂದು ಕೆನ್ನೆ ಊದಿತ್ತು, ಬಾಯಲ್ಲಿ ಹತ್ತಿ. ಅದನ್ನು ಪಕ್ಕಕ್ಕೆ ಸರಿಸಿಕೊಂಡು, "ದವಡೆ ಅಲ್ಲು ಕೀಳಿಸ್ದೆ ಸಿಸ್ಟರಮ್ಮ" ಅಂದಳು. ನನ್ನ ಬಸ್ಸು ಹೊರಡುವುದರಲ್ಲಿತ್ತು. ಮನೆಯಲ್ಲಿ ಅತ್ತೆಗೆ ಜ್ವರ. "ತಣ್ಣಗಿರೋದನ್ನೇ ತಿನ್ನಿ ಅಕ್ಕಾ" ಎಂದು ಹೇಳಿ ಓಡಿದೆ. ಸೀಟು ಸಿಕ್ಕ ಮೇಲೆ ಏನೋ ಕೇಳುವುದು ಮರೆತೆನಲ್ಲ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಹದಿನೇಳು ವರ್ಷದ ಅನುಭವವಿರುವ ನರ್ಸಿಗೆ ಹೊಳೆಯಬೇಕಿತ್ತು.

ಅದಾಗಿ ಎರಡು ವಾರಕ್ಕೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಗಂಡ ಹೆಂಡತಿ ಆಸ್ಪತ್ರೆಗೆ ಬಂದರು. ಪರೀಕ್ಷೆಯ ದಿನ ಅದಲ್ಲ. ಹೊರಗೆ ಜೋರು ಗಾಳಿ. ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬದ ದೂಳು ಬೀದಿಯ ತುಂಬ ಹಾರುತ್ತಿತ್ತು, ಕಾಯುತ್ತಿದ್ದವರೆಲ್ಲ ಕೆಮ್ಮುತ್ತಿದ್ದರು. ಆಕೆಯೂ ಕೆಮ್ಮುತ್ತಿದ್ದಳು. ಆದರೆ ಬೆಂಚಿಗೆ ಒರಗದೆ, ಎರಡೂ ಕೈ ಮಂಡಿಯ ಮೇಲೂರಿ ಮುಂದಕ್ಕೆ ಬಾಗಿ ಕೂತಿದ್ದಳು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದಳು.

"ದೂಳ್ಗೆ ಸೀತ ಆಗೈತೆ. ಒಂದು ಇಂಜೆಕ್ಸನ್ ಆಕ್ಬುಡಿ, ಓಯ್ತೀವಿ" ಅಂದ ಗಂಡ. ಆಮೇಲೆ ಏನೋ ಒಳ್ಳೆಯ ಸುದ್ದಿ ಹೇಳುವವನಂತೆ ಸೇರಿಸಿದ: "ಆದ್ರೆ ನಾಕು ದಿನದಿಂದ ಇವ್ಳ ಎದೆ ಸದ್ದೇ ಇಲ್ಲ ನೋಡಿ. ನಾನು ಸಂದಾಗಿ ನಿದ್ದೆ ಮಾಡ್ತಾ ಇವ್ನಿ."

ನಾನು ಆಕೆಯ ಪಕ್ಕ ಕೂತು ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಸ್ಟೆತಸ್ಕೋಪ್ ಇಟ್ಟೆ. ಚುರುಕಾಗಿ ಕೇಳಬೇಕಾದ ಟಿಕ್ ಸದ್ದು ಮಂಕಾಗಿ, ದೂರದಿಂದ ಬಂದಂತಿತ್ತು.

"ಅಕ್ಕಾ, ಸಂಜೆ ಮಾತ್ರೆ ತಗೋತಾ ಇದ್ದೀರಾ?"

ಆಕೆ ಗಂಡನ ಮುಖ ನೋಡಿದಳು. ಉತ್ತರ ಅವನೇ ಕೊಟ್ಟ. "ಅಲ್ಲು ಕೀಳೋ ಡಾಕ್ಟ್ರು, ರಕ್ತ ನಿಲ್ಲಲ್ಲ, ಮಾತ್ರೆ ನಿಲ್ಸು ಅಂದ್ರು. ನಿಲ್ಲಿಸ್ದೋ. ತಿರ್ಗಾ ಯಾವಾಗಿಂದ ಅಂತ ಅವ್ರೂ ಯೋಳ್ಲಿಲ್ಲ, ನಾವೂ ಕೇಳ್ಲಿಲ್ಲ."

ಬಸ್ಸಿನಲ್ಲಿ ನನಗೆ ಹೊಳೆಯದೆ ಹೋದ ಪ್ರಶ್ನೆ ಅದೇ.

ಡ್ಯೂಟಿ ಡಾಕ್ಟರ್ ಹೊಸಬರು. ಹೊರಗಿನ ಸಾಲು ಉದ್ದವಿತ್ತು. ದೂರದಿಂದಲೇ ಕೆಮ್ಮು ಕೇಳಿ, ಕಫ ಕಟ್ಟಿರಬೇಕು, ನೆಬುಲೈಸರ್ ಹಾಕಿ ಅಂದರು. ನಾನು ಜಾಗ ಬಿಟ್ಟು ಕದಲಲಿಲ್ಲ.

"ಸಾರ್, ಲೋಹದ ಕವಾಟ. ಎರಡು ವಾರದಿಂದ ಮಾತ್ರೆ ಇಲ್ಲ. ಒಂದ್ಸಲ ಎದೆ ಕೇಳಿಬಿಡಿ."

ಅವರು ಎದ್ದು ಬಂದು ಕೇಳಿದರು. ಸ್ಟೆತಸ್ಕೋಪ್ ಸರಿಸಿ ಮತ್ತೆ ಕೇಳಿದರು. ತಲೆಯೆತ್ತಿ ನನ್ನನ್ನು ನೋಡಿ, ತಗ್ಗಿದ ದನಿಯಲ್ಲಿ ಆಂಬುಲೆನ್ಸ್‌ಗೆ ಹೇಳಿ ಅಂದರು. ಕವಾಟದಲ್ಲಿ ಗಡ್ಡೆ ಕಟ್ಟಿ ಸದ್ದು ಅಡಗಿದ್ದರೆ ನಮ್ಮಲ್ಲಿ ಮಾಡುವಂಥದ್ದೇನೂ ಇರಲಿಲ್ಲ, ಬೆಂಗಳೂರಿಗೇ ಹೋಗಬೇಕು. ಆಕ್ಸಿಜನ್ ಹಾಕಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ನಾನೂ ಜೊತೆಗೆ ಹತ್ತಿದೆ.

ಬಂಗಾರಪೇಟೆ ತಲುಪುವವರೆಗೂ ಆಕೆ ನನ್ನ ಕೈ ಹಿಡಿದಿದ್ದಳು. ಬೆರಳು ನೋಯುವಷ್ಟು ಗಟ್ಟಿಯಾಗಿ. ಗಂಡ ಕಾಲ ಹತ್ತಿರ ಕೂತು, "ಏನೂ ಆಗಲ್ಲ ಕಣೇ, ಸಿಸ್ಟರಮ್ಮ ಅವ್ರೆ" ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಊರು ದಾಟಿ ಕೋಲಾರದ ರಸ್ತೆಗೆ ತಿರುಗುವಾಗ ಆ ಹಿಡಿತ ಸಡಿಲಾಯಿತು. ನಿದ್ದೆ ಬಂತೇನೋ ಎಂದು ಮುಖ ನೋಡಿದೆ. ಕಣ್ಣು ತೆರೆದೇ ಇತ್ತು. ಬಾಯಿಯ ಬಲಭಾಗ ಕೆಳಕ್ಕೆ ಇಳಿದಿತ್ತು.

"ಅಕ್ಕಾ, ಬಲಗೈ ಎತ್ತಿ."

ಎಡಗೈ ಎತ್ತಿದಳು. ಏನೋ ಹೇಳಲು ಹೋದಳು, ಬರೀ ದನಿ ಬಂತು. ಗಡ್ಡೆಯ ಚೂರೊಂದು ಮಿದುಳಿಗೆ ಹೋಗಿತ್ತು. ಗಂಡನಿಗೆ ಅದು ಗೊತ್ತಾಗಲಿಲ್ಲ. "ಮಾತಾಡ್ಬೇಡ, ಸುಮ್ಕೆ ಮಲಕ್ಕೋ" ಅನ್ನುತ್ತಲೇ ಇದ್ದ. ನಾನು ಹಿಡಿತ ಸಡಿಲಾದ ಹೊತ್ತು ಬರೆದುಕೊಂಡು ಡ್ರೈವರಿಗೆ ಇನ್ನೂ ಬೇಗ ಅಂದೆ.

ಬೆಂಗಳೂರಿನಲ್ಲಿ ಎರಡನೇ ಸಲ ಎದೆ ತೆರೆದು ಕವಾಟ ಬದಲಾಯಿಸಿದರು. ಆಕೆ ಉಳಿದಳು. ಹನ್ನೊಂದು ದಿನ ಮಾತಿರಲಿಲ್ಲ. ಆಮೇಲೆ ಬಂದ ಮೊದಲ ಮಾತು "ನೀಳ್ಳು", ಅಂದರೆ ನೀರು. ಆಕೆಯ ತವರು ಆಂಧ್ರದ ಗಡಿ, ಅಲ್ಲಿನ ಮಾತು ತೆಲುಗು. ಗಂಡನ ಮನೆಯಲ್ಲಿ ಇಪ್ಪತ್ತೈದು ವರ್ಷ ಆಡಿದ ಕನ್ನಡ ಮರಳಿ ಬರಲಿಲ್ಲ. ಗಂಡನಿಗೆ ತೆಲುಗು ಅರ್ಥವಾಗುತ್ತದೆ, ಆದರೆ ಅವನು ಕನ್ನಡದಲ್ಲಿ ಕೇಳಿದರೆ ಆಕೆ ಅವನ ತುಟಿಯನ್ನೇ ನೋಡುತ್ತ ಕೂರುತ್ತಾಳೆ. ಬಲಗೈ ಅರ್ಧ ಮಾತ್ರ ಏಳುತ್ತದೆ.

ನನ್ನ ತಪ್ಪನ್ನು ಒಂದು ದಿನ ಗಂಡನಿಗೆ ಹೇಳಿಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು, ಕೇಳಬೇಕಿತ್ತು, ಕೇಳಲಿಲ್ಲ ಅಂತ. "ನೀವು ಒಂದ್ಗಳಿಗೆ ಕಂಡ್ರಿ ಸಿಸ್ಟರಮ್ಮ. ನಾನು ಪಕ್ದಾಗೇ ಮಲಗಿದ್ದೆ" ಅಂದ. ಕ್ಷಮಿಸಿದನೋ ಇಲ್ಲವೋ ನನಗೆ ತಿಳಿಯಲಿಲ್ಲ.

ಕಳೆದ ತಿಂಗಳು ಪರೀಕ್ಷೆಯ ದಿನ ಅವರು ಬರಲಿಲ್ಲ. ಫೋನ್ ಸ್ವಿಚ್ ಆಫ್. ಮರುದಿನವೂ ಅಷ್ಟೇ. ಮೂರನೇ ದಿನ ಡ್ಯೂಟಿ ಮುಗಿಸಿ, ಮಧ್ಯಾಹ್ನದ ಟ್ರೇನಿಗೆ ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಅವರ ಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಆ ಮನೆಯ ಮುಂದೆ ಜನ ಸೇರಿರುವುದೇ ಕಣ್ಣಿಗೆ ಕಟ್ಟುತ್ತಿತ್ತು. ಹೋಗಿ ನೋಡಿದರೆ ಆಕೆ ಜಗಲಿಯ ಮೇಲೆ ಎಡಗೈಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಫೋನ್ ನೀರಿಗೆ ಬಿದ್ದು ಕೆಟ್ಟಿತ್ತಂತೆ. ಗಂಡನಿಗೆ ಕೂಲಿ ಬಿಡಲಾಗಿರಲಿಲ್ಲ.

"ನಾಳಿಕ್ಕೆ ಕರ್ಕೊಂಡ್ ಬತ್ತೀನಿ, ದೇವ್ರಾಣೆ" ಅಂದ.

ಮಾತಿಗೆ ತಪ್ಪದೆ ಬಂದರು. ರಕ್ತ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ರಿಪೋರ್ಟ್ ಬಂತು. ಮಾತ್ರೆಯ ಪರಿಣಾಮ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು, ಮತ್ತೆ ಗಡ್ಡೆ ಕಟ್ಟಬಹುದಾದಷ್ಟು. ಡಾಕ್ಟರು ಮಾತ್ರೆಯ ಅಳತೆ ಏರಿಸಿ, ಮೂರು ದಿನಕ್ಕೆ ಮತ್ತೆ ಬರಹೇಳಿದರು. ನಾನು ಅದನ್ನು ಚೀಟಿಯಲ್ಲಿ ತೆಲುಗಿನಲ್ಲೂ ಕನ್ನಡದಲ್ಲೂ ಬರೆದು ಗಂಡನ ಜೇಬಿನಲ್ಲಿ ನಾನೇ ಇಟ್ಟೆ. ಅವರು ಗೇಟು ದಾಟುವವರೆಗೂ ನೋಡುತ್ತ ನಿಂತಿದ್ದೆ.