ಬೀಗಿತ್ತಿಯ ಜೊತೆ ಪಾಮ್ ತೋಟಕ್ಕೆ

ನನ್ನ ಮೊಮ್ಮಗಳು ಬಸುರಿಯಾದಾಗ ಹುಣಸೆಕಾಯಿ ಕೇಳಲಿಲ್ಲ, ಮಾವಿನಕಾಯಿ ಕೇಳಲಿಲ್ಲ. ಬಳ್ಳಾರಿ ರಸ್ತೆಯ ಪಕ್ಕ ಒಂದು ದೊಡ್ಡ ತೋಟ ಇದೆ, ಅಲ್ಲಿ ದೇಶದೇಶದ ಪಾಮ್ ತಂದು ಬೆಳೆಸಿದ್ದಾರೆ, ಅದನ್ನು ನೋಡಬೇಕು ಅಂದಳು. ಅವಳಿಗೆ ಮೊದಲಿಂದಲೂ ಗಿಡದ ಹುಚ್ಚು. ಗಂಡನ ಮನೆಯ ಬಾಲ್ಕನಿಯಲ್ಲೂ ಕುಂಡದಲ್ಲಿ ಗಿಡ ಇಟ್ಟುಕೊಂಡಿದ್ದಳು. ಬಸುರಿ ಆಸೆಪಟ್ಟು ಕೇಳಿದ್ದಕ್ಕೆ ಇಲ್ಲ ಅನ್ನಬಾರದು. ನಾನು ಹೂಂ ಅಂದೆ. ಅವಳ ಅತ್ತೆ, ನನ್ನ ಬೀಗಿತ್ತಿ, ತಾನೂ ಬರುತ್ತೇನೆ ಅಂದರು.

ಅವರು ಯಾಕೆ ಬರುತ್ತಾರೆ ಅಂತ ನನಗೆ ಗೊತ್ತು ಅಂದುಕೊಂಡಿದ್ದೆ. ತಾಯಿಯಿಲ್ಲದ ಹುಡುಗಿಯನ್ನು ಸಾಕಿದವಳು ನಾನು. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು. ತವರು ಅಂದರೆ ಚಿಕ್ಕಬಾಣಾವರದ ನನ್ನ ಮನೆ. ಆದರೆ ಸೀಮಂತದ ದಿನ ಬೀಗಿತ್ತಿ ಎಲ್ಲರ ಎದುರಿಗೆ ಅಂದುಬಿಟ್ಟಿದ್ದರು: “ಅಮ್ಮಾ, ನಿಮ್ಮನ್ನ ನೋಡ್ಕೊಳ್ಳೋಕೇ ಒಬ್ರು ಬೇಕು. ಇನ್ನು ಮಗೂಗೆ ಯಾರು ಎರೀತಾರೆ?” ಕೂತವರು ನಕ್ಕರು. ಆವತ್ತು ತಿಂದ ಊಟ ಮೈಗೆ ಹತ್ತಲಿಲ್ಲ. ನನ್ನ ಬಲಗಾಲಿನ ಮಂಡಿ ಕೆಟ್ಟಿತ್ತು. ನಡೆದರೆ ನಡೆಯುತ್ತಿತ್ತು, ಕೂತರೆ ಏಳಲು ಬಿಡುತ್ತಿರಲಿಲ್ಲ. ಬೀಗಿತ್ತಿಗೆ ಅನುಮಾನವಿತ್ತು, ಕಣ್ಣಾರೆ ಕಂಡಿರಲಿಲ್ಲ. ತೋಟಕ್ಕೆ ಬರುವುದು ನನ್ನ ಕಾಲಿನ ಪರೀಕ್ಷೆಗೆ ಅಂತಲೇ ನಾನು ತೀರ್ಮಾನಿಸಿದೆ.

ಯಶವಂತಪುರದಲ್ಲಿ ಬಸ್ಸು ಬದಲಿಸಿ ಹೋದೆ. ಸೀಟು ಸಿಕ್ಕರೂ ಕೂರಲಿಲ್ಲ. ಕೂತು ಮಂಡಿ ಹಿಡಿದುಕೊಂಡರೆ ಇಳಿಯುವಾಗ ಕುಂಟಬೇಕು. ಕಂಡಕ್ಟರ್ ಬೈದ, ಬೈಸಿಕೊಂಡೆ. ಬ್ಯಾಟರಾಯನಪುರದಿಂದ ಆಟೋದಲ್ಲಿ ಬಂದ ಅವರಿಬ್ಬರೂ ಗೇಟಿನ ಹತ್ತಿರ ನಿಂತಿದ್ದರು.

ಒಳಗೆ ಹೋದರೆ ಮರವೋ ಮರ. ರಸ್ತೆಯ ಎರಡು ಕಡೆಗೂ ಸಿಮೆಂಟಿನ ಕಂಬ ನಿಲ್ಲಿಸಿದ ಹಾಗೆ ಬೆಳ್ಳಗೆ, ನುಣ್ಣಗೆ, ಮೇಲೆ ಮಾತ್ರ ಒಂದು ಕಟ್ಟು ಸೋಗೆ. ಕೆಲವು ಬುಡದಲ್ಲಿ ಊದಿಕೊಂಡು ಹೂಜಿಯ ಹಾಗಿದ್ದವು. ಒಂದರ ಎಲೆ ನೋಡಿದರೆ ಮೀನಿನ ಬಾಲ. ಇನ್ನೊಂದರ ದಂಟು ಕುಂಕುಮದ ನೀರಲ್ಲಿ ಅದ್ದಿದ ಹಾಗೆ ಕೆಂಪು. ಅದರ ಮುಂದೆ ನಾನೂ ನಿಂತೆ, ಸುಳ್ಳೇಕೆ ಹೇಳಲಿ, ಚೆನ್ನಾಗಿತ್ತು. ಬುಡದಲ್ಲಿ ಬೋರ್ಡು ಹಾಕಿದ್ದರು, ಇಂಗ್ಲಿಷಿನಲ್ಲಿ. ಕನ್ನಡವನ್ನೇ ಅಕ್ಷರ ಕೂಡಿಸಿ ಓದುವ ನನಗೆ ಅದು ಎಲ್ಲಿಂದ ಬರಬೇಕು. ಮೊಮ್ಮಗಳು ಒಂದೊಂದನ್ನೂ ಓದಿ, ಮುಟ್ಟಿ, ತಲೆಯೆತ್ತಿ ತುದಿ ನೋಡಿ, ಹೊಟ್ಟೆ ಹಿಡಿದುಕೊಂಡು ಮುಂದಿನದಕ್ಕೆ ಹೋಗುತ್ತಿದ್ದಳು.

ಬೀಗಿತ್ತಿ ಮಾತ್ರ ಒಂದು ಸಲವೂ ತಲೆಯೆತ್ತಲಿಲ್ಲ. ಅಷ್ಟು ಮರ ಬಿಟ್ಟು ಅವರ ಕಣ್ಣೆಲ್ಲ ನೆಲದ ಮೇಲೆ, ಅಂದರೆ ನನ್ನ ಕಾಲಿನ ಮೇಲೆ. ನಾನು ಬಲಕ್ಕೆ ಹೋದರೆ ಬಲಕ್ಕೆ ನೋಡುತ್ತಾರೆ, ಎಡಕ್ಕೆ ಹೋದರೆ ಎಡಕ್ಕೆ. ನನಗೆ ಮೈಯೆಲ್ಲ ಉರಿಯಿತು. ನಿಂತಲ್ಲಿ ನಿಲ್ಲಲಾಗಲಿಲ್ಲ. ಬೇಕೆಂದೇ ಜೋರಾಗಿ ನಡೆದೆ. ಕಲ್ಲುಬೆಂಚು ಬಂದರೆ ದಾಟಿ ಹೋದೆ. ಮೊಮ್ಮಗಳು ಕೂತುಕೋ ಅಜ್ಜಿ ಅಂದಳು, ಕೂರಕ್ಕೆ ಬಂದಿದ್ದೀನಾ ಅಂದೆ. ಮಂಡಿ ಒಳಗೊಳಗೇ ಕುಟುಕುತ್ತಿತ್ತು. ಬೀಗಿತ್ತಿಯೂ ಕೂರಲಿಲ್ಲ. ಎಷ್ಟು ಹಟ ಈ ಹೆಂಗಸಿಗೆ ಅಂದುಕೊಂಡೆ. ಮಧ್ಯೆ ಒಂದು ಸಲ ಸೊಸೆಯ ಕೈ ಹಿಡಿದು, ನೋಡಿದ್ದು ಸಾಕು, ಮನೆಗೆ ಹೋಗೋಣ ಅಂದರು. ಇನ್ನೂ ಒಳಗಡೆ ಇದೆ ಅತ್ತಮ್ಮ, ದೊಡ್ಡದೊಡ್ಡವೆಲ್ಲ ಅಲ್ಲೇ ಇರೋದು ಅಂದಳು ಅವಳು. ಬೀಗಿತ್ತಿಯ ಮುಖ ಬಾಡಿತು. ಅವರ ಕಾಲೂ ಸೋತಿದೆ ಅಂತ ನನಗೆ ಸಂತೋಷವಾಯಿತು.

ದೊಡ್ಡ ಮರಗಳ ಹತ್ತಿರ ಬಂದಾಗ ಮೇಲಿಂದ ಒಂದು ಒಣಸೋಗೆ ಕಳಚಿ ನಮ್ಮ ಹಿಂದೆ ಸರಸರ ಅಂತ ಬಂದು ಧೊಪ್ಪನೆ ಬಿತ್ತು.

“ಪಾಮು, ಪಾಮು” ಅಂತ ಬೀಗಿತ್ತಿ ಕಿರುಚಿ ನನ್ನ ತೋಳು ತಬ್ಬಿಕೊಂಡರು.

“ಹೂಂ ಅತ್ತಮ್ಮ, ಪಾಮೇ” ಅಂದಳು ಮೊಮ್ಮಗಳು. “ಅದ್ನ ನೋಡೋಕೇ ತಾನೇ ಬಂದಿರೋದು?”

ಬೀಗಿತ್ತಿಯ ಮನೆಮಾತು ತೆಲುಗು. ತೆಲುಗಲ್ಲಿ ಪಾಮು ಅಂದರೆ ಹಾವು. ದೇಶದೇಶದ ಹಾವು ತಂದು ಸಾಕಿರುವ ತೋಟ ಅಂತ ಆ ಹೆಂಗಸು ತಿಳಿದಿದ್ದರು. ಬಸುರಿಯ ಆಸೆಗೆ ಬೇಡ ಅನ್ನಲೂ ಆಗದು, ಬಸುರಿ ಎದುರಾದರೆ ಹಾವಿಗೆ ಕಣ್ಣು ಕಾಣಿಸುವುದಿಲ್ಲ ಅನ್ನುತ್ತಾರೆ, ಆ ಪಾಪ ಬೇರೆ. ಅದಕ್ಕೇ ಕಾವಲಿಗೆ ಬಂದಿದ್ದರು. ಮೊಮ್ಮಗಳಿಗೆ ಅರ್ಥವಾದಮೇಲೆ ನಗು ತಡೆಯಲಾಗದೆ ಮರಕ್ಕೆ ಒರಗಿಕೊಂಡಳು.

“ಮತ್ತೆ ನನ್ ಕಾಲ್ ಯಾಕೆ ನೋಡ್ತಿದ್ರಿ ಅವಾಗ್ನಿಂದ?” ಅಂದೆ.

“ನಿಮ್ ಕಾಲು ನಾನ್ಯಾಕೆ ನೋಡ್ಲಿ? ಹುಲ್ಲು ನೋಡ್ತಿದ್ದೆ.”

ಅಲ್ಲಿಗೆ ನನ್ನ ಬಿಗಿಯೆಲ್ಲ ಸಡಿಲವಾಯಿತು. ಯಾರೂ ನೋಡುತ್ತಿಲ್ಲ ಅಂದಮೇಲೆ ಈ ಕಾಲನ್ನು ಯಾಕೆ ಸಾಯಿಸಬೇಕು ಅಂತ ಹುಲ್ಲಿನ ಮೇಲೆ ಕೂತೇಬಿಟ್ಟೆ. ಕೂತಮೇಲೆ ಬುದ್ಧಿ ಬಂತು. ಏಳಲು ಹೋದೆ, ಮಂಡಿ ಬಗ್ಗಲಿಲ್ಲ. ನೆಲಕ್ಕೆ ಕೈಯೂರಿದೆ, ಆಗಲಿಲ್ಲ. ಬೀಗಿತ್ತಿ ಈಗ ನಿಜವಾಗಿ ನನ್ನ ಕಾಲು ನೋಡುತ್ತಿದ್ದರು. ಮೊಮ್ಮಗಳ ನಗು ನಿಂತಿತು.

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. “ನೋಡುದ್ರಲ್ಲ. ಇಷ್ಟೇ ನನ್ ಕತೆ. ಬಾಣಂತನ ನಿಮ್ಮನೇಲೇ ಮಾಡ್ಕಳಿ” ಅಂದೆ.

ಬೀಗಿತ್ತಿ ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ನೆಟ್ಟಗೆ ಚಾಚಿಕೊಂಡಿದ್ದ ನನ್ನ ಕಾಲುಗಳನ್ನು ಈ ಕಡೆಯಿಂದ ಆ ಕಡೆಗೆ ನೋಡಿದರು.

“ಎರೆಯೋಕೆ ಹಿಂಗೇ ತಾನೇ ಕೂತ್ಕೊಳ್ಳೋದು?” ಅಂದರು.

“ಇನ್ನೆಂಗೆ?”

“ನಂಗೆ ಎರೆಯೋಕೆ ಬರಲ್ಲಮ್ಮ. ನನ್ ಮಕ್ಳಿಗೆಲ್ಲ ನಮ್ಮತ್ತೇನೇ ಎರೆದಿದ್ದು. ಹಸುಗೂಸು ಮುಟ್ಟೋಕೇ ನಂಗೆ ಭಯ. ನಿಮ್ಮನ್ನ ಕೂರ್ಸಿ ಎಬ್ಬಿಸೋದಾದ್ರೆ ಮಾಡ್ತೀನಿ.”

ಹಾಗಾದರೆ ಆವತ್ತು ಅಷ್ಟು ಜನರ ಎದುರಿಗೆ ಯಾಕೆ ಹಾಗಂದಿರಿ ಅಂತ ಕೇಳಿದೆ. ಬೀಗಿತ್ತಿ ಎದ್ದು ಬಂದು ನನ್ನ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದರು. ಶಕ್ತಿಯೇನೋ ಇತ್ತು.

ಬಾಣಂತನ ಚಿಕ್ಕಬಾಣಾವರದಲ್ಲೇ ಆಯಿತು. ಬೀಗಿತ್ತಿ ಬಟ್ಟೆಗಂಟು ತಂದು ನನ್ನ ಮನೆಯಲ್ಲೇ ಉಳಿದರು. ಬಚ್ಚಲಲ್ಲಿ ನಾನು ಕಾಲು ಚಾಚಿ ಕೂತು ಮಗುವನ್ನು ಮಲಗಿಸಿಕೊಂಡರೆ ಅವರು ಚೊಂಬಲ್ಲಿ ನೀರು ತುಂಬಿ ಕೊಡುತ್ತಿದ್ದರು. ಸುಡುತ್ತೆ ಅಂತ ನಾನು, ತಣ್ಣಗಿದೆ ಅಂತ ಅವರು. ಮಗು ಅರಚುತ್ತಿತ್ತು. ಅವರು ಹೆದರಿಕೊಂಡೇ ಅದನ್ನು ಸುತ್ತಿ ತಾಯಿಯ ಪಕ್ಕ ಹಾಕಿ ಬಂದು ನನ್ನನ್ನು ಎಬ್ಬಿಸಬೇಕು. ಮೊದಲ ದಿನ ಎಣ್ಣೆಗೆ ಕೈ ಜಾರಿ ಇಬ್ಬರೂ ಬಚ್ಚಲಲ್ಲಿ ಬಿದ್ದೆವು. ಏನಾಯ್ತು ಅಂತ ಒಳಗಿಂದ ಮೊಮ್ಮಗಳು ಕೂಗಿದಳು. ಬೀಗಿತ್ತಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದು, “ಏನಿಲ್ಲ, ಚೊಂಬು ಬಿತ್ತು, ನೀನ್ ಮಲ್ಕೋ” ಅಂದರು.