ಚಾರ್ಟಕ್ಕ ಕೊಟ್ಟ ರಕ್ತ

ಮನೋರೋಗಗಳು ರಕ್ತಸಂಬಂಧದಲ್ಲಿ ಹೇಗೆ ಹರಿದು ಬರುತ್ತವೆ ಎಂದು ಹುಡುಕಲು ಏಳು ದೇಶಗಳ ಮೇಧಾವಿಗಳು ಕೈಜೋಡಿಸಿದ್ದರಂತೆ. ಕೈಜೋಡಿಸಿದ್ದು ಹಾಗಿರಲಿ, ಪ್ರಬಂಧದಲ್ಲಿ ಯಾರ ಹೆಸರು ಮೊದಲು ಎಂದು ಎರಡು ವರ್ಷ ಕಿತ್ತಾಡಿದ್ದನ್ನು ರಕ್ತದ ಫ್ರೀಜರ್ ಕಾಯುವ ನಾನೇ ಕಣ್ಣಾರೆ ಕಂಡಿದ್ದೇನೆ. ಮೈಮುರಿದು ದುಡಿದವಳು ಚಾರ್ಟಕ್ಕ. ಮನೆಮನೆಗೆ ಹೋಗಿ ವಂಶವೃಕ್ಷದ ಚಾರ್ಟು ಬರೆಯುವುದು ಅವಳ ಕೆಲಸ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಕಾಯಿಲೆಯವರಿಗೆ ಕಪ್ಪು.

ಬಾಯಿ ಮಾತ್ರ ಬಲು ಜೋರು. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯಾ ಎಂದು ಅವಳು ಕೇಳುತ್ತಿರಲಿಲ್ಲ. "ಮದುವೆ ಫೋಟೋದಲ್ಲಿ ಯಾರಿಲ್ಲ ಹೇಳಿ" ಎನ್ನುತ್ತಿದ್ದಳು. ಅಲ್ಲಿಗೆ ಮನೆಯವರ ಮುಖ ಬಿಳುಚಿಕೊಳ್ಳುತ್ತಿತ್ತು. ವಾಪಸು ಬಂದು ನನ್ನೆದುರು ಮೂಗು ಮುರಿಯುವಳು: "ಹೆತ್ತ ಮಗನನ್ನೇ ಇಲ್ಲ ಅಂತಾರಲ್ಲ, ಥೂ, ಎಂಥಾ ಜನ!"

ಈ ವರ್ಷ ಆರೋಗ್ಯವಂತರ ರಕ್ತಕ್ಕೆ ಬರ ಬಂತು. ರೋಗಿಗಳ ರಕ್ತದ ಜೊತೆ ಹೋಲಿಸಿ ನೋಡಲು ಅದು ಬೇಕು. ಕೊಡುವವರ ಮನೆಯಲ್ಲಿ ಯಾರಿಗೂ ಮನೋರೋಗ ಇರಬಾರದು. "ಸಿಬ್ಬಂದಿಯೇ ಕೊಡಿ" ಎಂದು ನಮ್ಮ ಸಂಸ್ಥೆಯ ನಿರ್ದೇಶಕರು ಅಪ್ಪಣೆ ಹೊರಡಿಸಿದರು. ತಮ್ಮ ತೋಳು ಮಾತ್ರ ಚಾಚಲಿಲ್ಲ, ಪಾಪ, ಬಿಡುವಿರಲಿಲ್ಲ. ಚಾರ್ಟಕ್ಕ ಫಾರಂ ತುಂಬಿದಳು. ಒಡಹುಟ್ಟಿದವರು: ಇಲ್ಲ. ಅವಳ ಟ್ಯೂಬನ್ನು ನಾನೇ ಫ್ರೀಜರಿನಲ್ಲಿಟ್ಟೆ.

ಮೂರನೆಯ ದಿನ ಮುಖ ಸಪ್ಪಗೆ ಮಾಡಿಕೊಂಡು ಬಂದಳು.

"ಅದನ್ನ ತೆಗೆದು ಬಿಸಾಕಪ್ಪ. ನನಗೆ ಅಣ್ಣ ಇದ್ದಾನೆ. ಹದಿನೆಂಟು ವರ್ಷದಿಂದ ಮಾತ್ರೆ ನುಂಗ್ತಾ ನಮ್ಮನೆ ಹಿಂದಿನ ರೂಮಲ್ಲೇ ಇದ್ದಾನೆ."

ನನಗೆ ಮೈಯೆಲ್ಲ ಉರಿಯಿತು. "ಊರವರಿಗೆಲ್ಲ ಉಗೀತಿದ್ರಲ್ಲಕ್ಕಾ!" ಎಂದೆ. ಆದರೆ ಒಮ್ಮೆ ದಾಖಲಾದ ಟ್ಯೂಬ್ ತೆಗೆಯಲು ನಿರ್ದೇಶಕರ ಅಪ್ಪಣೆ ಬೇಕಿತ್ತು.

ಇಬ್ಬರೂ ನಿರ್ದೇಶಕರ ಬಳಿ ಹೋದೆವು. "ಮೂವತ್ತು ಸಾವಿರ ಟ್ಯೂಬಲ್ಲಿ ಒಂದು ಸುಳ್ಳಿದ್ರೆ ಆಕಾಶ ಏನೂ ಕಳಚಿ ಬೀಳಲ್ಲಮ್ಮ. ನಮ್ಮ ಸಂಖ್ಯೆ ಕಡಿಮೆ ಬೀಳುತ್ತೆ, ಸುಮ್ನಿರಿ" ಎಂದ ಮಹಾನುಭಾವ. ಇವರು ಜಗತ್ತಿಗೆ ಸತ್ಯ ಹುಡುಕಿ ಕೊಡುವವರು!

ಮರುದಿನ ಬೆಳಿಗ್ಗೆ ಅವಳು ಅಣ್ಣನ ಕೈ ಹಿಡಿದು ಮುಂಬಾಗಿಲಿನಿಂದಲೇ ಬಂದಳು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಇಡೀ ಕಚೇರಿ ಕತ್ತು ಉದ್ದ ಮಾಡಿ ನೋಡಿತು.

"ಇವನು ನಮ್ಮಣ್ಣ. ಈಗ ನನ್ನ ಟ್ಯೂಬ್ ತೆಗೆಸ್ತೀರೋ ಇಲ್ವೋ?"

ಅಷ್ಟು ಜನರೆದುರು ಇಲ್ಲ ಎನ್ನಲು ನಿರ್ದೇಶಕರಿಗೆ ಬಾಯಿ ಬರಲಿಲ್ಲ. ಆದರೆ ಆ ಬಾಯಲ್ಲೇ ನೀರೂರಿತು ನೋಡಿ: "ಅರೆ, ಒಳ್ಳೇದೇ ಆಯ್ತು, ರೋಗಿ ಸಿಕ್ಕಿದ್ರಲ್ಲ! ಇವರ ರಕ್ತ ತಗೊಳ್ಳಿ." ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರ ಸುಳಿದಿರಲೇ ಇಲ್ಲ.

ಕೊಡ್ತೀನಿ ಎಂದು ಅಣ್ಣನೇ ಅಂಗಿಯ ತೋಳು ಮೇಲಕ್ಕೆ ಮಡಚಿದ. ಕಿರಿಯ ವೈದ್ಯೆ ಫಾರಂ ಹಿಡಿದು ಎದುರು ಕೂತಳು.

"ಒಡಹುಟ್ಟಿದವರು ಇದ್ದಾರಾ?"

ಚಾರ್ಟಕ್ಕ ನೆಲ ನೋಡುತ್ತಿದ್ದಳು.

"ಇದ್ದಾಳಲ್ಲ, ತಂಗಿ," ಎಂದ ಅವನು. "ಮಾತ್ರೆ ತರೋಕೆ ಆಸ್ಪತ್ರೆಗೆ ಹೋದಾಗೆಲ್ಲ ಅಲ್ಲಿ ಎಲ್ರಿಗೂ ಇವಳ ಬಗ್ಗೆ ಹೇಳ್ತಿರ್ತೀನಿ."